ಜೆಸಿಬಿ ಹುಡುಗ, ವಡ್ಡರ ಅಜ್ಜ, ನಮ್ಮ ಎಂ.ಬಿ. ಪುಸ್ತಕ

ಇವತ್ತಿನ ಪೋಸ್ಟು ಸ್ವಲ್ಪ ಉದ್ದ ಐತಿ. ಪುರಸೊತ್ತು ಇದ್ದಾಗ ಓದ್ರಿ.

ಹೋದ ರವಿವಾರ ದೊಡವಾಡದಲ್ಲಿ ನಮ್ಮ ಕೇರಿಗೆ ನೀರಿನ ಪೈಪು ಹಾಕಲು ಜೆಸಿಬಿ ಬಂದಿತ್ತು. ಚಾಪುಡಿ ತರಾಕ ಅಂತ ಮನೆಯಿಂದ ಹೊಂಟ ನಾನು ಅಲ್ಲೇ ಮೂರು ತಾಸು ನಿಂತುಬಿಟ್ಟೆ. ಮನೆಯಾಗ ಬೈಸಿಕೊಂಡದ್ದು ಬ್ಯಾರೆ ಮಾತು. 2019ರಲ್ಲಿ ಜೆಸಿಬಿ ಅಗೆಯೋದನ್ನ ಗುಂಪುಗಟ್ಟಿ ನೋಡುವ ಜನರ ಮೇಲೆ ಮೊಬೈಲ್ ತುಂಬಾ ಜೋಕು ಹರಿದಾಡಿದ್ದವು, ನೆನಪಿರಬೇಕು. ನಾನೂ ನಕ್ಕು ಫಾರ್ವರ್ಡ್ ಮಾಡಿದ್ದೆ. ಈಗ ಹೇಳ್ತೀನಿ, ನೋಡೋ ಹಂಗ ಇದ್ದದ್ದನ್ನ ಜನ ನೋಡ್ತಾರ, ಅದರಾಗ ನಗೋದೇನೈತಿ?

ಆಪರೇಟರ್ ಅಂದ್ರೆ ಇಪ್ಪತ್ತೈದು ದಾಟದ ಹುಡುಗ. ನಮ್ಮ ಓಣಿ ಎಂಥದ್ದು ಅಂದ್ರೆ, ಎದುರಿಂದ ಚಕ್ಕಡಿ ಬಂದರೆ ಗ್ವಾಡಿಗೆ ಅಂಟಿಕೊಂಡು ನಿಲ್ಲಬೇಕು. ಎಡಕ್ಕೆ ಗಟಾರು, ಬಲಕ್ಕೆ ಮನೆಗಳ ಕಟ್ಟಿ, ತಲೆ ಮೇಲೆ ಕರೆಂಟಿನ ವೈರು. ಹುಡುಗ ಮೊದಲು ಕೆಳಗಿಳಿದು ಬಂದು, ಗಟಾರಿನ ಫರಸಿ ಒಡೀಬಾರದು ಅಂತ ಎರಡು ಹಲಗೆ ಇಟ್ಟ. ಅದರ ಮೇಲೆ ಮಷೀನಿನ ಎರಡು ಕಾಲು ಊರಿಸಿದ. ಸೀಟು ತಿರುವಿ ಹಿಂದಕ್ಕೆ ಮುಖ ಮಾಡಿ ಕುಂತ.

ಗಮನ ಕೊಟ್ಟು ನೋಡಿದರೆ ಗೊತ್ತಾಗುತ್ತೆ. ಆ ಉದ್ದನೆಯ ಕೈಯನ್ನು ಬರೀ ಎಳೆದರೆ ಅದು ಕಮಾನಿನಂತೆ ತಿರುಗುತ್ತದೆ, ತೆಗ್ಗಿನ ತಳ ಬೋಗುಣಿಯಂತೆ ಆಗುತ್ತದೆ. ಪೈಪು ಕೂಡಬೇಕಂದ್ರೆ ತಳ ನೆಟ್ಟಗೆ ಇರಬೇಕು. ಅದಕ್ಕೆ ಮೊಣಕೈಯನ್ನು ಒಳಕ್ಕೆ ಎಳೆಯುತ್ತಲೇ ಭುಜವನ್ನು ಮೊದಲು ಎಳ್ಳಷ್ಟು ಎತ್ತಬೇಕು, ಅರ್ಧ ದಾಟಿದ ಮೇಲೆ ಇಳಿಸಬೇಕು, ಅದೇ ಹೊತ್ತಿಗೆ ಮುಂಗೈ ಬಿಚ್ಚುತ್ತ ಬಕೆಟ್ಟಿನ ಹಲ್ಲು ಸರಿಯಾದ ಓರೆಯಲ್ಲಿ ಹಿಡಿಯಬೇಕು. ಮೂರೂ ಒಂದೇ ಸಲ. ತೆಗ್ಗು ಆಳ ಆದಂಗ ತಳ ಅವನ ಕಣ್ಣಿಗೆ ಕಾಣೋದೂ ಇಲ್ಲ. ಎಂಜಿನ್ ಸಪ್ಪಳ ಭಾರ ಆದರೆ ಗಟ್ಟಿ ಗರಸು. ಕುಂತ ಸೀಟಿಗೆ ಸಣ್ಣ ನಡುಕ ಬಂದರೆ ಕಲ್ಲು, ಇಲ್ಲಾ ಹಳೇ ಪೈಪು. ಕೈ ಆಗಲೇ ನಿಂತಿರುತ್ತೆ. ಒಂದು ಮನೆಯ ಮುಂದೆ ಬಟ್ಟಿ ಒಗೆಯೋ ಕಲ್ಲಿತ್ತು. ಅದನ್ನು ಬಕೆಟ್ಟಿನಿಂದ ಕೂಸು ಎತ್ತಿದಂಗ ಎತ್ತಿ ಬದಿಗಿಟ್ಟ. ಪೈಪು ಮುಚ್ಚಿದ ಮೇಲೆ ಇದ್ದಲ್ಲೇ ತಂದು ಇಟ್ಟ. ಯಾರೂ ಹೇಳಿರಲಿಲ್ಲ.

ಹಳೇ ವಾಡೇದ ಹಿಂದಿನ ತಿರುವಿಗೆ ಬಂದಾಗ ಗುಂಪಿನಿಂದ ಒಂದು ಕೂಗು ಬಂತು. "ಏ ತಮ್ಮಾ, ನಿಲ್ಲಸ. ಮುಂದ ಕಾಲ ಊರಬ್ಯಾಡ. ಅಲ್ಲಿ ಹಗೇವು ಐತಿ."

ಕೂಗಿದ್ದು ಎಂಬತ್ತು ದಾಟಿದ ವಡ್ಡರ ಅಜ್ಜ. ಈಗಿನ ಹುಡುಗರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ಜೋಳ ಇಡುವ ತೆಗ್ಗು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂಗ ಗಡಿಗಿಯಂತೆ ಅಗಲ. ಕಣಜ ಬಂದು, ರೇಶನ್ ಬಂದು, ಹಗೇವಿನ ಬಾಯಿ ಮುಚ್ಚಿ ಅದರ ಮೇಲೆ ರಸ್ತೆ ಆದವು. ಮಳೆಗಾಲದಾಗ ಅಲ್ಲಲ್ಲಿ ನೆಲ ಕುಸಿದಾಗಷ್ಟೇ ನೆನಪಾಗುತ್ತೆ. ಎಂಟು ಟನ್ನಿನ ಹತ್ತಿರದ ಮಷೀನು ಅದರ ಮೇಲೆ ಕಾಲೂರಿದ್ದರೆ ಏನಾಗುತ್ತಿತ್ತು ನೀವೇ ಹೇಳ್ರಿ.

ಹುಡುಗ ವಾದ ಮಾಡಲಿಲ್ಲ. ಕೈ ಚಾಚಿ ಬಕೆಟ್ಟಿನ ಬೆನ್ನಿನಿಂದ ನೆಲ ಮೆಲ್ಲಗೆ ತಟ್ಟಿದ. ಎರಡು ಕಡೆ ದಪ್ಪ ಸಪ್ಪಳ. ಮೂರನೇ ಕಡೆ ಡೋಲು ಬಡಿದಂಗ.

"ಅಜ್ಜಾರ, ನಿಮಗ ಹೆಂಗ ಗೊತ್ತಾತ್ರಿ?"

"ನಾನ ತೋಡಿದ್ದು."

ನನಗೆ ಮೈ ಜುಮ್ ಅಂತು. ನಾನು ಹುಟ್ಟುವ ಮೊದಲು, ಆ ಕಿರಿದಾದ ಬಾಯಿಯೊಳಗೆ ಒಬ್ಬನೇ ಕುಂತು, ಕತ್ತಲಲ್ಲಿ, ಗಿಡ್ಡ ಕಾವಿನ ಗುದ್ದಲಿಯಿಂದ ಗೋಡೆಯನ್ನು ಕೈಯಲ್ಲಿ ಮುಟ್ಟಿ ಮುಟ್ಟಿ ದುಂಡಗೆ ತಂದವನು ಈತ. ಕಾಣದ ತಳವನ್ನು ಕೈಯಿಂದ ಅರಿಯುವ ಅದೇ ವಿದ್ಯೆ. ನಡುವೆ ಎಣ್ಣೆಯ ಒತ್ತಡದಿಂದ ಓಡುವ ಮಷೀನಿಲ್ಲ, ಅಷ್ಟೇ ಫರಕು. ಆದರೆ ಅಜ್ಜನ ತೋಡುವಿಕೆ ನೋಡಾಕ ಯಾರೂ ಮೂರು ತಾಸು ನಿಂತಿರಲಿಲ್ಲ.

ಇಲ್ಲಿಂದ ನನ್ನ ತಲೆಗೆ ಹುಳ ಬಿತ್ತು. ಹಳೇದೆಲ್ಲ ತಿರುವಿ ಹಾಕಿದೆ.

ವಡ್ಡರು ಈಗ ಭೋವಿ ಅಂತ ಬರೆಸುತ್ತಾರೆ. ಮಣ್ಣವಡ್ಡರು, ಕಲ್ಲವಡ್ಡರು, ಬಂಡಿವಡ್ಡರು ಅಂತ ಮಾಡುವ ಕೆಲಸವೇ ಒಳಪಂಗಡದ ಹೆಸರಾಯಿತು. ಅವರು ತಮ್ಮ ಗುರು ಅನ್ನೋದು 12ನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮನನ್ನು. ಸೊನ್ನಲಿಗೆ ಅಂದ್ರೆ ಈಗಿನ ಸೊಲ್ಲಾಪುರ. ಅಲ್ಲಿ ಕೆರೆ ಕಟ್ಟಿಸಿದ ಶರಣ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಲ್ಲಿಗೆ ಬಂದವನು ಸಿದ್ಧರಾಮನನ್ನು ಒಡ್ಡರಾಮ ಅಂತ ಕರೀತಾನೆ. ಕೆರೆ ಕೆಲಸದವರು ಸಿಟ್ಟಾಗಿ ಕಲ್ಲು ಬೀರುತ್ತಾರೆ. ದೊಡ್ಡ ದೊಡ್ಡ ಪಂಡಿತರು ಆ ಪ್ರಸಂಗಕ್ಕೆ ಅಧ್ಯಾತ್ಮದ ಅರ್ಥ ಹೇಳಿದ್ದಾರೆ, ಇರಲಿ. ನನಗೆ ಕಾಣೋದು ಇಷ್ಟು: ಮಣ್ಣು ಹೊರುವವನ ಹೆಸರು ಆಗಲೇ ಬೈಗುಳ ಆಗಿತ್ತು.

(ಒಳಮೀಸಲಾತಿ ವಿಷಯದಾಗ ಭೋವಿ ಗೆಳೆಯರೂ ನಾನೂ ಎದುರುಬದುರು ನಿಂತವರು. ನಮ್ಮ ಮಾದರ ಕೇರಿಯವರ ಕೈನೀರು ಅವರ ಹಿರಿಯರೂ ಮುಟ್ಟುತ್ತಿರಲಿಲ್ಲ. ಆ ಜಗಳ ಬಿಟ್ಟಿಲ್ಲ. ಇವತ್ತಿನ ಮಾತು ಅದಲ್ಲ.)

1876-78ರ ಬರದಾಗ ನಮ್ಮ ಸೀಮೆಯ ಜನ ಹುಳದಂಗ ಸತ್ತರು. ಕೆರೆ, ರಸ್ತೆ ಕೆಲಸ ತೆಗೆದು ಹಸಿದವರಿಂದಲೇ ಮಣ್ಣು ಹೊರಿಸಿದರು. ಮುಂದಿನ ಬರಕ್ಕೆ ಧಾನ್ಯ ಸಾಗಿಸಲು ಅಂತ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ನಾವು ಧಾರವಾಡ, ಹುಬ್ಬಳ್ಳಿ, ಗದಗಿಗೆ ರೈಲಿನಲ್ಲಿ ಹೋಗುವಾಗ ಹಳಿಯ ಕೆಳಗಿನ ಏರಿ ನೋಡ್ರಿ. ಮಳೆಗೆ ಕುಸಿಯದಂಗ ಅದಕ್ಕೆ ಕೊಟ್ಟ ಇಳಿಜಾರು ನೋಡ್ರಿ. ಆಗ ನಮ್ಮ ಕಡೆ ಯಾವ ಜೆಸಿಬಿ ಇತ್ತು? ಗುದ್ದಲಿ, ಸಲಿಕೆ, ಬುಟ್ಟಿ, ಬಹಳ ಅಂದ್ರೆ ಕತ್ತಿ.

ಅಜ್ಜ ಹರೇದಲ್ಲಿ ಮಲಪ್ರಭಾ ಕಾಲುವೆ ಕೆಲಸಕ್ಕೆ ಹೋಗಿದ್ದನಂತೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಎರಡು ಗುಡ್ಡದ ನಡುವೆ ಹೊಳೆ ನಿಲ್ಲಿಸಿ, 1970ರ ದಶಕದ ಆರಂಭಕ್ಕೆ ರೇಣುಕಾಸಾಗರ ಆಯಿತು. ಸುಮಾರು 37 ಟಿಎಂಸಿ ನೀರು. ಹುಬ್ಬಳ್ಳಿ-ಧಾರವಾಡ ಕುಡಿಯೋದು ಇದನ್ನೇ. ಕಾಲುವೆ ಮಣ್ಣಿನ ಲೆಕ್ಕ ಬ್ರಾಸಿನಲ್ಲಿ. ಒಂದು ಬ್ರಾಸು ಅಂದ್ರೆ 100 ಘನ ಅಡಿ. ಹಾಕಿದ ಮಣ್ಣು ಸಡಿಲ ಇರುತ್ತೆ, ಅದಕ್ಕೇ ಅಗೆದ ತೆಗ್ಗನ್ನೇ ಅಳೀತಿದ್ದರು. ಮೊದಲು ನೆಲ ಎಷ್ಟು ಎತ್ತರ ಇತ್ತು ಅಂತ ತೋರಿಸಲು ನಡುವೆ ಮಣ್ಣಿನ ಗುಡ್ಡಿ ಬಿಡಬೇಕು. "ರಾತ್ರಿ ಹೋಗಿ ಗುಡ್ಡಿ ತಲಿ ಮ್ಯಾಲ ಒಂದ ಹೆಂಟಿ ಏರಸ್ತಿದ್ವಿ, ಹುಲ್ಲ ಸಹಿತ," ಅಂತ ಅಜ್ಜ ಬೊಚ್ಚಬಾಯಿ ತೆಗೆದು ನಕ್ಕ. ಕೂಲಿ ಕಡಿದವರಿಗೆ ಗುಡ್ಡಿ ಬೆಳೆಸಿದ್ದು ಸರಿಯಾತು ಅಂತ ನನಗಂತೂ ಅನಿಸಿತು. ನನ್ನ ಸಾಹೇಬರು ಈ ಸಾಲು ಓದದಿದ್ದರೆ ಸಾಕು.

ಮಷೀನಿನ ಕಥೆ ಇತ್ತೀಚಿನದು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ 1945ರಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ ಶುರು ಮಾಡಿದ. ಆತನ ಹೆಸರಿನ ಮೂರು ಅಕ್ಷರವೇ ಜೆಸಿಬಿ. 1953ರಲ್ಲಿ ಹಿಂದೆ ಅಗೆಯುವ ಕೈ ಬಂತು, 1979ರಲ್ಲಿ ಕಂಪನಿ ಹರಿಯಾಣದ ಬಲ್ಲಭಗಡಕ್ಕೆ ಬಂತು. ಈಗ ನಮ್ಮ ಪಕ್ಕದ ಧಾರವಾಡದಲ್ಲೇ ಟಾಟಾ ಹಿಟಾಚಿ ಕಾರ್ಖಾನೆ ಐತಿ. 1964ರಲ್ಲಿ ಸರ್ಕಾರ ಹುಟ್ಟುಹಾಕಿದ ಬಿಇಎಂಎಲ್‌ನ ಬುಲ್ಡೋಜರು, ಎಕ್ಸ್‌ಕವೇಟರು ತಯಾರಾಗೋದು ಕೆಜಿಎಫ್‌ನಲ್ಲಿ. ಅದೇ ಊರಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ, ಹೆಚ್ಚಾಗಿ ದಲಿತ ಕಾರ್ಮಿಕರೇ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಚಿನ್ನದ ಕಲ್ಲು ಒಡೆದರು. 2001ರಲ್ಲಿ ಗಣಿ ಮುಚ್ಚಿತು.

ಈಗ ನನ್ನ ತಪ್ಪಿಗೆ ಬರ್ತೀನಿ. ನಾನು ಕ್ಲರ್ಕು. ಎಂ.ಬಿ. ಅಂದ್ರೆ ಅಳತೆ ಪುಸ್ತಕ, ಅದರ ಹಿಂದೆ ಬಿಲ್ಲು, ಅದರ ಹಿಂದೆ ನಾನು. ಇಷ್ಟು ವರ್ಷದಲ್ಲಿ ನಾನು ಕೂಲಿಕಾರರ ಪಟ್ಟಿ ಎಷ್ಟು ಟೈಪ್ ಮಾಡಿದ್ದೀನೋ ಲೆಕ್ಕ ಇಲ್ಲ. ಗುದ್ದಲಿ ಹಿಡಿದವನ ಹೆಸರಿನ ಮುಂದೆ ಒಂದೇ ಪದ: ಅಕುಶಲ. ಉದ್ಯೋಗ ಖಾತ್ರಿಯ 2005ರ ಕಾಯ್ದೆಯೂ ಅದನ್ನು ಅಕುಶಲ ದೈಹಿಕ ಕೆಲಸ ಅಂತಲೇ ಕರೆಯಿತು. ಆ ಕಾಯ್ದೆಯಡಿ ಕೂಲಿ ಕಸಿಯುವ ಮಷೀನು ಬಳಸಬಾರದಿತ್ತು. ರಾತ್ರಿ ಜೆಸಿಬಿ, ಹಗಲು ಜಾಬ್ ಕಾರ್ಡಿನಲ್ಲಿ ಹೆಸರು, ಈ ಆಟ ಯಾವ ಊರವರಿಗೂ ಹೊಸದಲ್ಲ. ಅದರಿಂದ ನಮ್ಮ ಕೇರಿಯ ಹೆಣ್ಣುಮಕ್ಕಳ ಕೂಲಿ ಹೋಯಿತು. ಆದರೂ ಲಿವರ್ ಹಿಡಿದ ಹುಡುಗನ ಮೇಲೆ ನನಗೆ ಸಿಟ್ಟು ಬರೋದಿಲ್ಲ. ಕ್ಲೀನರ್ ಆಗಿ ಸೇರಿ, ಗ್ರೀಸು ಹಚ್ಚುತ್ತ, ಮಾಲಕ ಮಲಗಿದ ಮೇಲೆ ಕದ್ದು ಲಿವರ್ ಹಿಡಿದು ಕಲಿತೆ ಅಂದ. ಅವನಿಗೂ ಸರ್ಟಿಫಿಕೇಟು ಇಲ್ಲ.

ಬಾಬಾಸಾಹೇಬರು 1936ರಲ್ಲೇ ಹೇಳಿದ್ದರು, ಜಾತಿ ಅನ್ನೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಹಂಚಿ ಮೇಲೆ ಕೆಳಗೆ ಇಡುತ್ತದೆ ಅಂತ. ಅದನ್ನು ಎಷ್ಟೋ ಸಭೆಯಲ್ಲಿ ಭಾಷಣ ಮಾಡಿದವನೇ ಸೋಮವಾರ ಆಫೀಸಿಗೆ ಹೋಗಿ "ಅಕುಶಲ" ಅಂತ ಟೈಪ್ ಮಾಡ್ತಿದ್ದೆ. ಕೈ ನಡುಗಿರಲಿಲ್ಲ.

ಅಜ್ಜ ಇನ್ನೊಂದು ಮಾತು ಹೇಳಿದ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳೀಬಾರದು. ಒಂದು ಹೊತ್ತು ತೆರೆದು ಬಿಟ್ಟು, ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಉಸಿರಿಲ್ಲ. ಓದು ಬರದ ಈ ಮನುಷ್ಯನಿಗೆ ಗೊತ್ತಿದ್ದದ್ದು, ಮ್ಯಾನ್‌ಹೋಲಿಗೆ ನಮ್ಮ ಹುಡುಗರನ್ನು ಇಳಿಸುವವರಿಗೆ ಗೊತ್ತಿಲ್ಲವೇ? 1970ರ ದಶಕದಲ್ಲಿ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಬೇಕಾಯಿತು ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ. ನಾಯಕರ ಮೆರವಣಿಗೆಯಲ್ಲಿ ಮೇಲಿಂದ ಹೂವು ಸುರಿಯಲು ಸಾಲುಗಟ್ಟಿ ಜೆಸಿಬಿ ಸಿಗುತ್ತವೆ. ಗುಂಡಿಯ ಹೊಲಸು ಹೀರುವ ಮಷೀನು ಮಾತ್ರ ಎಷ್ಟೋ ಊರಿಗೆ ಇನ್ನೂ ದಾರಿಯಲ್ಲೇ ಐತಿ.

ತಿರುವಿನಲ್ಲಿ ಆಮೇಲೆ ಏನಾತು ಅಂದ್ರೆ, ಅಜ್ಜ ಬಡಿಗಿ ಹಿಡಿದು ಮುಂದೆ ಹೊಂಟ. ನೆಲ ಕುಟ್ಟುತ್ತ, ಕಿವಿಗೊಡುತ್ತ, "ಇಲ್ಲಿ ಊರು", "ಇಲ್ಲಿ ಬ್ಯಾಡ" ಅನ್ನುತ್ತ. ಹಿಂದೆ ಆ ಹಳದಿ ಮಷೀನು ಎತ್ತಿನಂಗ ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ. ಇನ್ನೊಂದು ಹಗೇವು ಸಿಕ್ಕಿತು. ಪೈಪು ಅದನ್ನು ಬಳಸಿ ಹೋಯಿತು. ಸಂಜೆ ನಮ್ಮ ಕೇರಿಯ ಕೊನೆಯ ಮನೆ ಮುಟ್ಟಿತು.

ಕೆಲಸ ಮುಗಿದ ಮೇಲೆ ಹುಡುಗ ಅಜ್ಜನಿಗೆ ಚಾ ಕೊಡಿಸಿದ. ಕೇಳಿದ, "ಅಜ್ಜಾರ, ನಾಳಿ ಬೆಳವಡಿ ಕಡೆ ಕೆಲಸ ಐತ್ರಿ. ಅಲ್ಲೂ ಹಳೇ ಓಣಿ. ಬರ್ತೀರೇನ್ರಿ?"

ಅಜ್ಜ ಬಸಿಯಲ್ಲಿ ಚಾ ಸುರುವಿಕೊಂಡು, ಊದಿ, ಕುಡಿದು, ಮಷೀನಿನ ಕಡೆ ಗದ್ದ ತೋರಿಸಿದ.

"ಇದಕ್ಕ ತಾಸಿನ ಲೆಕ್ಕ ಹೌದಲ್ಲೋ? ನನಗ ತಾಸಿಗೆ ಎಷ್ಟ?"