ಸ್ಟಾರ್ಟ್ ಆಗಿ ಬಂದ್ ಬೀಳುವ ಕಾರು: ಹೊಸಪೇಟೆ ಕಡೆಯ ಒಂದು ಗ್ಯಾರೇಜು ಚರಿತ್ರೆ

"ಗಾಡಿ ಸ್ಟಾರ್ಟ್ ಆಗ್ತೈತ್ರೀ, ಹಂಗೇ ಬಂದ್ ಬೀಳ್ತೈತಿ."

ಹೊಸಪೇಟೆಯ ಗ್ಯಾರೇಜುಗಳಲ್ಲಿ ಚಿಕ್ಕಂದಿನಿಂದ ಕೇಳುತ್ತಾ ಬಂದಿರುವ ಮಾತು. ಅಂಬಾಸಿಡರ್ ಹೋಗಿ ಮಾರುತಿ ಬಂತು, 2021ರಲ್ಲಿ ನಮ್ಮೂರು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯ ಕೇಂದ್ರವೂ ಆಯಿತು, ಆದರೆ ಈ ದೂರು ಮಾತ್ರ ಹಾಗೇ ಇದೆ. ಹಂಪಿಯ ಅರಸರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ದೂರಿನ ಚರಿತ್ರೆ ಬರೆಯೋಣ ಅಂತ ಕೂತಿದ್ದೇನೆ :)

ಮೊದಲು ಒಂದು ವಿಷಯ. ಕಾರು ಸ್ಟಾರ್ಟ್ ಆಗೋದೇ ಬೇರೆ, ಓಡೋದೇ ಬೇರೆ. ಹ್ಯಾಂಡಲ್ ತಿರುಗಿಸಿ ಎಬ್ಬಿಸುತ್ತಿದ್ದ ಕಾಲ ಮುಗಿಯಲು ಶುರುವಾದದ್ದು 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಾಗ. ಅಲ್ಲಿಂದಾಚೆ ಎಬ್ಬಿಸುವ ಕೆಲಸ ಬ್ಯಾಟರಿಯದು, ಓಡಿಸುವ ಕೆಲಸ ಪೆಟ್ರೋಲು, ಗಾಳಿ, ಕಿಡಿ ಈ ಮೂರರದು. ಸ್ಟಾರ್ಟ್ ಆಗಿ ಸತ್ತ ಕಾರಿನಲ್ಲಿ ಬ್ಯಾಟರಿ, ಸ್ಟಾರ್ಟರ್ ಎರಡೂ ಚೆನ್ನಾಗಿವೆ ಅಂತಲೇ ಅರ್ಥ. ಆದರೂ ಬ್ಯಾಟರಿ ಬದಲಾಯಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ನಮ್ಮ ಕಡೆಯ ದೊಡ್ಡ ಖಳನಾಯಕ ಬಿಸಿಲು. ಏಪ್ರಿಲ್ ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಪೆಟ್ರೋಲಿನ ಹಗುರ ಭಾಗ ಕುದಿಯತೊಡಗುವುದೂ ಅದೇ ಆಸುಪಾಸಿನಲ್ಲಿ! ಆಗಿನ ಕಾರುಗಳ ಪಂಪು ಬಿಸಿ ಇಂಜಿನ್ನಿಗೇ ಅಂಟಿಕೊಂಡು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತುವಾಗ ಪೈಪಿನೊಳಗಿನ ಪೆಟ್ರೋಲು ಆವಿಯಾದರೆ ಮುಗಿಯಿತು, ಪಂಪು ಆವಿಯನ್ನೇ ಹೀರುತ್ತಾ ಕೂರುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಕೀಲಿ ತಿರುಗಿಸಿದರೆ ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದಿರುವಷ್ಟರಲ್ಲೇ ಎದ್ದು, ಅದು ಖಾಲಿಯಾದ ಕೂಡಲೇ ಮತ್ತೆ ಬಂದ್. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬಾನೆಟ್ ಎತ್ತಿ ಅರ್ಧ ಗಂಟೆ ಕಾಯುವುದೇ ಮದ್ದು. ಬೆಟ್ಟದ ದಾರಿಯಲ್ಲಿ ಬಾಯಿ ತೆರೆದುಕೊಂಡು ನಿಂತ ಅಂಬಾಸಿಡರುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಕಾಲದ ಮೇಸ್ತ್ರಿಗಳು ಬಾನೆಟ್ ಎತ್ತುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ನನಗೆ ಬಹಳ ಇಷ್ಟ. "ಹೆಂಗ್ ಬಂದ್ ಬೀಳ್ತೈತಿ? ಕೆಮ್ಮಿ ಸಾಯ್ತೈತೋ, ಒಮ್ಮೆಲೇ ಸಾಯ್ತೈತೋ?" ಕೆಮ್ಮಿ, ಜಗ್ಗಿ ನಿಂತರೆ ಪೆಟ್ರೋಲಿನ ತೊಂದರೆ. ಸ್ವಿಚ್ ಆರಿಸಿದ ಹಾಗೆ ನಿಂತರೆ ಕರೆಂಟಿನದು. ಚೋಕ್ ಎಳೆದಾಗ ಓಡಿ, ಒಳಗೆ ತಳ್ಳಿದ ಕೂಡಲೇ ನಿಂತರೆ ಸ್ಲೋ ಜೆಟ್ಟಿನಲ್ಲಿ ಕಸ. ಕೀಲಿ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಇಂಜಿನ್ ಎದ್ದು, ಕೈ ಬಿಟ್ಟ ಕ್ಷಣವೇ ಸತ್ತರೆ ಇನ್ನೂ ಸುಲಭ. ಬ್ಯಾಲಾಸ್ಟ್ ರೆಸಿಸ್ಟರ್ ಇರುವ ಕಾರುಗಳಲ್ಲಿ ಸ್ಟಾರ್ಟ್ ಮಾಡುವಾಗ ಕಾಯಿಲ್‌ಗೆ ಕರೆಂಟು ನೇರವಾಗಿ ಹೋಗುತ್ತದೆ, ಓಡುವಾಗ ರೆಸಿಸ್ಟರ್ ಮೂಲಕ. ಅದು ಸುಟ್ಟಿದ್ದರೆ ಮೊದಲ ದಾರಿ ಇದೆ, ಎರಡನೆಯದಿಲ್ಲ. ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು, ಸ್ಪ್ಯಾನರ್ ಮುಟ್ಟುವ ಮೊದಲೇ.

ಆಮೇಲೆ ಬಂದದ್ದು ಧೂಳು. 2000ದ ನಂತರ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿ, ಸಂಡೂರಿನಿಂದ ಲಾರಿಗಳ ಸಾಲು ಹಗಲು ರಾತ್ರಿ ಹರಿಯಿತಲ್ಲ, ಆ ವರ್ಷಗಳು. ಮರ, ಮನೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಏರ್ ಫಿಲ್ಟರ್ ಬಿಚ್ಚಿ ತಟ್ಟಿದರೆ ಹಿಡಿಗಟ್ಟಲೆ ಅದಿರು ಉದುರುತ್ತಿತ್ತು (ಅದಕ್ಕೂ ಪರ್ಮಿಟ್ ಬೇಕೇನೋ ಅಂತ ಜನ ನಗುತ್ತಿದ್ದರು). ಹಳೆಯ ಗಾಡಿಗಳ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಧೂಳು ಹಿಡಿದು ಮುಚ್ಚಿದರೆ, ಪೆಟ್ರೋಲು ಹೋದಷ್ಟೂ ಒಳಗೆ ನಿರ್ವಾತವಾಗಿ, ಸ್ವಲ್ಪ ದೂರ ಓಡಿದ ಮೇಲೆ ಗಾಡಿ ನಿಲ್ಲುತ್ತದೆ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಧೂಳು ಇಳಿಯಿತು. ಲಾರಿಗಳೂ ನಿಂತವು, ಅವನ್ನು ನಂಬಿದ್ದ ಗ್ಯಾರೇಜುಗಳ ಕೆಲಸವೂ ಹೋಯಿತು. ಈ ಎರಡನೆಯ ಮಾತನ್ನು ಯಾರೂ ಹೆಚ್ಚು ಬರೆದಿಲ್ಲ.

ಕಂಪ್ಲಿಯ ಕಥೆ ಬೇರೆ, ಅಲ್ಲಿ ನೀರು. ಡ್ಯಾಮಿನಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ದಾರಿಯ ಸೇತುವೆಯೇ ಮುಳುಗುತ್ತದೆ. ಹಳೇ ಕಾರು ನೀರಿನಲ್ಲಿ ನುಗ್ಗಿ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕಿತ್ತು.

ನಿಜವಾದ ಪಲ್ಲಟ ಆದದ್ದು 2000ದ ಏಪ್ರಿಲ್‌ನಲ್ಲಿ. ಹೊಸ ಹೊಗೆ ನಿಯಮ ದೇಶಕ್ಕೆಲ್ಲ ಬಂದು, ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಪಂಪು ಟ್ಯಾಂಕಿನೊಳಗೆ ಇಳಿದು, ಹೀರುವ ಬದಲು ಒತ್ತಡದಿಂದ ತಳ್ಳತೊಡಗಿತು. ಬಿಸಿಲಿನ ಆ ಹಳೇ ಕಾಯಿಲೆ ಹೆಚ್ಚುಕಡಿಮೆ ಮಾಯ. ಬದಲಿಗೆ ಹೊಸ ಕಾಯಿಲೆ ಬಂತು. ಎರಡು ಸೆಕೆಂಡ್ ಓಡಿ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ದೀಪ ಮಿನುಗಿದರೆ, ಕಾರು ನಿಮ್ಮ ಕೀಲಿಯ ಚಿಪ್ಪನ್ನು ಗುರುತಿಸಿಲ್ಲ. ತನ್ನ ಮಾಲೀಕನನ್ನೇ ಕಳ್ಳ ಅಂದುಕೊಂಡಿದೆ. ಇನ್ನೊಂದು ಕೀಲಿ ಹಾಕಿ ನೋಡಿ, ಖರ್ಚಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಓಡಿ, ಬಿಟ್ಟರೆ ನಿಂತರೆ ಥ್ರಾಟಲ್ ಬಾಡಿಯಲ್ಲಿ ಮಸಿ. ಒತ್ತಿದರೂ ನಿಂತರೆ, ಕೀಲಿ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ, ಪಂಪಿನ ಗುಂಯ್ ಶಬ್ದ ಎರಡು ಸೆಕೆಂಡ್ ಬರಬೇಕು.

ಕಳೆದ ವರ್ಷ ಹಂಪಿ ನೋಡಲು ಬಂದಿದ್ದ ಗೆಳೆಯರೊಬ್ಬರ ಕಾರು ಕಮಲಾಪುರದ ಹತ್ತಿರ ಹೀಗೇ ನಿಂತಿತು. ಯಾವುದೋ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರು, ಕೋಡ್ ಬರಲಿಲ್ಲ. ಕೋಡ್ ಇಲ್ಲ ಅಂದಮೇಲೆ ಪಂಪೇ ಇರಬೇಕು ಅಂತ ಹೊಸ ಪಂಪು ಹಾಕಿದರು. ಮರುದಿನ ಮತ್ತೆ ಅದೇ. ಕೊನೆಗೆ ಸಿಕ್ಕಿದ್ದು ರಿಲೇಯ ಸಡಿಲ ಕಾಲು. ಸ್ಕ್ಯಾನರ್ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಉಪಕರಣ. ಆದರೆ ಸೆನ್ಸರ್ ಇಲ್ಲದ ಕಡೆಯ ಸುದ್ದಿ ಅದಕ್ಕೆ ಗೊತ್ತಾಗದು, ಗಾಡಿ ಕೆಮ್ಮಿ ಸತ್ತಿತೋ ಒಮ್ಮೆಲೇ ಸತ್ತಿತೋ ಅಂತ ಅದು ಕೇಳುವುದೂ ಇಲ್ಲ. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ, ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಇದನ್ನೆಲ್ಲ ಯಾರೂ ಪುಸ್ತಕದಲ್ಲಿ ಬರೆದಿಟ್ಟಿಲ್ಲ.

ಸಂಡೂರು ರಸ್ತೆಯಲ್ಲಿ ಒಬ್ಬರು ಇನ್ನೂ ಇದ್ದಾರೆ. ಬಂದ್ ಬಿದ್ದ ಹಳೇ ಗಾಡಿ ಬಂದರೆ ಬಾನೆಟ್ ಕಡೆ ಹೋಗೋದೇ ಇಲ್ಲ, ಮೊದಲು ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ, ಉಸ್ ಅಂತ ಗಾಳಿ ಎಳೆಯುತ್ತಾ ಅಂತ ಕಿವಿಯಿಟ್ಟು ಕೇಳುತ್ತಾರೆ.