ನೀಲಿ ಅಂಗಿ ಕಳಚಿಟ್ಟ ಆಟಗಾರ

1958ರ ಏಪ್ರಿಲ್ ತಿಂಗಳು. ಜೂನ್‌ನಲ್ಲಿ ಸ್ವೀಡನ್ನಿನಲ್ಲಿ ನಡೆಯಲಿದ್ದ ವಿಶ್ವಕಪ್ಪಿಗೆ ಫ್ರಾನ್ಸ್ ತಂಡ ತಯಾರಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಫ್ರಾನ್ಸಿನ ಬೇರೆ ಬೇರೆ ಕ್ಲಬ್ಬುಗಳಿಗೆ ಆಡುತ್ತಿದ್ದ ಅಲ್ಜೀರಿಯಾದ ಸುಮಾರು ಹತ್ತು ಮಂದಿ ಫುಟ್‌ಬಾಲ್ ಆಟಗಾರರು ಒಂದೆರಡು ದಿನಗಳ ಅಂತರದಲ್ಲಿ ಕಾಣೆಯಾದರು. ಕೆಲವರು ಸ್ವಿಟ್ಜರ್ಲೆಂಡಿನ ಮೂಲಕ, ಕೆಲವರು ನೇರವಾಗಿ ಇಟಲಿಯ ಗಡಿ ದಾಟಿ ಟ್ಯುನಿಸ್ ಸೇರಿದರು. ಒಬ್ಬಿಬ್ಬರು ಹಾದಿಯಲ್ಲೇ ಸಿಕ್ಕಿಬಿದ್ದು ಜೈಲು ಕಂಡರು. ಹೀಗೆ ಹೋದವರಲ್ಲಿ ಇಬ್ಬರು ವಿಶ್ವಕಪ್ ತಂಡದ ಆಯ್ಕೆಯ ಪಟ್ಟಿಯಲ್ಲಿದ್ದವರು. ಒಬ್ಬರು ಮೊನಾಕೊ ಕ್ಲಬ್ಬಿನ ರಕ್ಷಣಾ ಆಟಗಾರ ಮುಸ್ತಫಾ ಜಿತೂನಿ. ಇನ್ನೊಬ್ಬರು ಸೇಂಟ್ ಎತಿಯೆನ್ ಕ್ಲಬ್ಬಿನ ಇಪ್ಪತ್ತೊಂದು ವರ್ಷದ ಹುಡುಗ ರಶೀದ್ ಮೆಖ್ಲೂಫಿ.

ಆಫ್ರಿಕಾದಿಂದ ಯುರೋಪಿಗೆ ಹೋದ ಆಟಗಾರರ ಕತೆಗಳು ಬಹುಪಾಲು ಒಂದೇ ದಿಕ್ಕಿನವು. ಧೂಳಿನ ಬಯಲಲ್ಲಿ ಬರಿಗಾಲಲ್ಲಿ ಆಡಿದ ಹುಡುಗ ದೊಡ್ಡ ಕ್ಲಬ್ಬೊಂದರ ಕಣ್ಣಿಗೆ ಬೀಳುತ್ತಾನೆ, ಕೋಟ್ಯಧಿಪತಿಯಾಗುತ್ತಾನೆ. ಮೆಖ್ಲೂಫಿಯ ಬದುಕನ್ನು ಓದುವಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು, ಅದು ಎರಡು ದಿಕ್ಕಿಗೂ ಹರಿದ ಕತೆ ಎನ್ನುವುದು. ಅವರು ಎಲ್ಲವನ್ನೂ ಬಿಟ್ಟು ಹೋದರು, ಮತ್ತೆ ಅಲ್ಲಿಗೇ ಮರಳಿದರು. ಹೋದದ್ದನ್ನು ತ್ಯಾಗವೆಂದು ಕೊಂಡಾಡುವವರು ಮರಳಿದ್ದರ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ನನಗೆ ಆ ಮರಳುವಿಕೆಯೂ ಅಷ್ಟೇ ಮುಖ್ಯ.

ಮೆಖ್ಲೂಫಿ ಹುಟ್ಟಿದ್ದು 1936ರಲ್ಲಿ, ಪೂರ್ವ ಅಲ್ಜೀರಿಯಾದ ಸೆತೀಫ್ ಎಂಬ ಊರಿನಲ್ಲಿ. ಈ ಊರಿನ ಹೆಸರಿಗೆ ಒಂದು ಗಾಯದ ಗುರುತಿದೆ. 1945ರ ಮೇ 8ರಂದು ಯುರೋಪು ನಾಜಿಗಳ ಶರಣಾಗತಿಯನ್ನು ಹಬ್ಬವಾಗಿ ಆಚರಿಸುತ್ತಿದ್ದಾಗ ಸೆತೀಫಿನ ಜನ ತಮ್ಮ ಬಾವುಟ ಹಿಡಿದು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸಿಟ್ಟಿಗೆದ್ದ ಜನ ಯುರೋಪಿಯನ್ನರ ಮೇಲೆ ಬಿದ್ದರು. ಅದರ ಬೆನ್ನಿಗೇ ಫ್ರೆಂಚ್ ಸೇನೆ ಸುತ್ತಲ ಹಳ್ಳಿಗಳಲ್ಲಿ ವಾರಗಟ್ಟಲೆ ನಡೆಸಿದ ಕೊಲೆಗಳಲ್ಲಿ ಸತ್ತ ಅಲ್ಜೀರಿಯನ್ನರು ಸಾವಿರಾರು. ಮುಂದೆ ದೊಡ್ಡ ಲೇಖಕನಾದ ಕಾತೆಬ್ ಯಾಸಿನ್ ಆಗ ಅದೇ ಊರಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಮೆರವಣಿಗೆಗೆ ಹೋಗಿ ಸೆರೆಮನೆ ಸೇರಿದ. ಮೆಖ್ಲೂಫಿಗೆ ಆಗ ಎಂಟು ವರ್ಷ.

1954ರಲ್ಲಿ ಅವರು ಸೇಂಟ್ ಎತಿಯೆನ್ನಿಗೆ ಬಂದರು. ಅದೇ ವರ್ಷ ನವೆಂಬರ್ 1ರಂದು ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯಯುದ್ಧ ಶುರುವಾಯಿತು. ಸೇಂಟ್ ಎತಿಯೆನ್ ಕಲ್ಲಿದ್ದಲ ಗಣಿಗಳ, ಬಂದೂಕು ಮತ್ತು ಸೈಕಲ್ ತಯಾರಿಸುವ ಕಾರ್ಖಾನೆಗಳ ಊರು. ಆ ಗಣಿಗಳಿಗೆ ಇಳಿಯುತ್ತಿದ್ದವರಲ್ಲಿ ಅಲ್ಜೀರಿಯಾದ ವಲಸಿಗರೂ ಇದ್ದರು. ಅವರ ಕೂಲಿಯಿಂದ ವಿಮೋಚನಾ ರಂಗ, ಅಂದರೆ ಎಫ್‌ಎಲ್‌ಎನ್, ಗುಟ್ಟಾಗಿ ಚಂದಾ ಎತ್ತುತ್ತಿತ್ತು. ಒಂದು ಕಡೆ ಕ್ರೀಡಾಂಗಣದ ಚಪ್ಪಾಳೆ, ಇನ್ನೊಂದು ಕಡೆ ಊರಿನಿಂದ ಬರುತ್ತಿದ್ದ ಸಾವಿನ ಸುದ್ದಿ. ಈ ನಡುವೆ ಕೋಚ್ ಜಾನ್ ಸ್ನೆಲ್ಲಾ ಈ ಹುಡುಗನನ್ನು ತಿದ್ದಿ ಬೆಳೆಸಿದರು. 1957ರಲ್ಲಿ ಕ್ಲಬ್ಬು ಮೊದಲ ಬಾರಿಗೆ ಫ್ರಾನ್ಸಿನ ಚಾಂಪಿಯನ್ ಆಯಿತು. ಮೆಖ್ಲೂಫಿ ಫ್ರಾನ್ಸಿನ ನೀಲಿ ಅಂಗಿ ತೊಟ್ಟು ನಾಲ್ಕು ಅಂತರರಾಷ್ಟ್ರೀಯ ಪಂದ್ಯ ಆಡಿದರು. ಫ್ರೆಂಚ್ ಸೇನಾ ತಂಡದ ಪರವಾಗಿ ಆಡಿ ಅದೇ ವರ್ಷ ಸೇನಾ ವಿಶ್ವಕಪ್ಪನ್ನೂ ಗೆದ್ದರು. ಅವರ ಊರಿನ ಮೇಲೆ ಬಂದೂಕು ಹಿಡಿದಿದ್ದ ಸೇನೆಯೂ ಇದೇ.

1957ರ ಡಿಸೆಂಬರಿನಲ್ಲಿ ಅಲ್ಜೀರಿಯಾದಲ್ಲೇ ಹುಟ್ಟಿದ್ದ ಇನ್ನೊಬ್ಬ ಫುಟ್‌ಬಾಲಿಗ ನೊಬೆಲ್ ಪ್ರಶಸ್ತಿ ತೆಗೆದುಕೊಳ್ಳಲು ಸ್ಟಾಕ್‌ಹೋಮಿಗೆ ಹೋಗಿದ್ದ. ಆಲ್ಬರ್ಟ್ ಕಮೂ ಎಳೆಯ ವಯಸ್ಸಿನಲ್ಲಿ ಅಲ್ಜಿಯರ್ಸ್‌ನ ಕ್ಲಬ್ಬೊಂದರ ಗೋಲ್‌ಕೀಪರ್ ಆಗಿದ್ದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಸ್ಟಾಕ್‌ಹೋಮಿನಲ್ಲಿ ಅಲ್ಜೀರಿಯಾದ ತರುಣನೊಬ್ಬ ಅವನನ್ನು ಯುದ್ಧದ ಬಗ್ಗೆ ಪ್ರಶ್ನಿಸಿದ. ಅಲ್ಜಿಯರ್ಸಿನ ಟ್ರಾಮುಗಳಲ್ಲಿ ಬಾಂಬು ಸಿಡಿಯುತ್ತಿದ್ದವು, ಅವನ ತಾಯಿ ಅಲ್ಲೇ ಇದ್ದಳು. ನ್ಯಾಯಕ್ಕಿಂತ ಮೊದಲು ತನ್ನ ತಾಯಿ ಎಂಬರ್ಥದ ಮಾತನ್ನು ಆಡಿ ಕಮೂ ಎರಡೂ ಕಡೆಯವರ ಟೀಕೆಗೆ ಗುರಿಯಾದ. ಅದಾಗಿ ನಾಲ್ಕು ತಿಂಗಳಿಗೆ, ಭಾಷಣ ಮಾಡದ ಆಟಗಾರನೊಬ್ಬ ಅದೇ ಪ್ರಶ್ನೆಗೆ ತನ್ನ ಉತ್ತರ ಕೊಟ್ಟ.

ಆ ಭಾನುವಾರದ ಪಂದ್ಯದಲ್ಲಿ ಮೆಖ್ಲೂಫಿಯ ತಲೆಗೆ ಪೆಟ್ಟಾಗಿ ರಾತ್ರಿ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಮರುದಿನ ಅವರನ್ನು ಕರೆದೊಯ್ಯಲು ಬಂದವರು ಅಬ್ದೆಲ್‌ಹಮೀದ್ ಕೆರ್ಮಾಲಿ ಮತ್ತು ಮುಖ್ತಾರ್ ಅರ್ರಿಬಿ. ಇಬ್ಬರೂ ಸೆತೀಫಿನವರೇ, ವಯಸ್ಸಿನಲ್ಲಿ ಹಿರಿಯರು. ಕಾರಿನಲ್ಲಿ ಸ್ವಿಸ್ ಗಡಿ ದಾಟಿದರು. ಮೆಖ್ಲೂಫಿ ಆಗ ಕಡ್ಡಾಯ ಸೇನಾ ಸೇವೆಯಲ್ಲಿದ್ದವರು. ಸಿಕ್ಕಿಬಿದ್ದರೆ ಅವರ ಮೇಲೆ ಬರುತ್ತಿದ್ದುದು ಸೇನೆಯಿಂದ ಓಡಿಹೋದ ಆರೋಪ.

ಟ್ಯುನಿಸ್‌ನಲ್ಲಿ ಎಫ್‌ಎಲ್‌ಎನ್ ತಂಡ ಹುಟ್ಟಿಕೊಂಡಿತು. ಇದರ ಹಿಂದಿದ್ದ ಸಂಘಟಕ ಮೊಹಮ್ಮದ್ ಬೂಮೆಜ್ರಾಗ್. ದೇಶ ಇನ್ನೂ ಇರಲಿಲ್ಲ, ದೇಶದ ತಂಡ ಆಗಲೇ ಇತ್ತು. ಫಿಫಾ ಮಾನ್ಯತೆ ಕೊಡಲಿಲ್ಲ, ಅದರೊಂದಿಗೆ ಆಡುವ ದೇಶಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಆದರೂ ನಾಲ್ಕು ವರ್ಷಗಳಲ್ಲಿ ಉತ್ತರ ಆಫ್ರಿಕಾ, ಅರಬ್ ದೇಶಗಳು, ಪೂರ್ವ ಯುರೋಪು, ಚೀನಾ, ವಿಯೆಟ್ನಾಂಗಳಲ್ಲಿ ತಂಡ ಎಂಬತ್ತರ ಆಸುಪಾಸು ಪಂದ್ಯಗಳನ್ನು ಆಡಿತು. ಬೆಲ್‌ಗ್ರೇಡಿನಲ್ಲಿ ಯುಗೋಸ್ಲಾವಿಯಾವನ್ನು 6-1ರಿಂದ ಸೋಲಿಸಿತು. ಪ್ರತಿ ಪಂದ್ಯಕ್ಕೂ ಮುನ್ನ ಅಲ್ಜೀರಿಯಾದ ಬಾವುಟ ಏರಬೇಕು, ಗೀತೆ ಕೇಳಬೇಕು ಎಂಬುದೇ ಅವರ ಪಟ್ಟು. ಫ್ರಾನ್ಸಿನ ಸಾಮಾನ್ಯ ಓದುಗನಿಗೆ ದೂರದ ಗಲಭೆಯಂತೆ ಕಾಣುತ್ತಿದ್ದ ಯುದ್ಧ ಈ ಆಟಗಾರರು ಹೋದ ದಿನದಿಂದ ಕ್ರೀಡಾಪುಟಕ್ಕೂ ಬಂತು.

ಇದರ ಬೆಲೆ ಏನು? ಸ್ವೀಡನ್ನಿನಲ್ಲಿ ಫ್ರಾನ್ಸ್ ಮೂರನೆಯ ಸ್ಥಾನ ಪಡೆಯಿತು. ಜಸ್ಟ್ ಫೊಂತೇನ್ 13 ಗೋಲು ಹೊಡೆದು ಇಂದಿಗೂ ಮುರಿಯದ ದಾಖಲೆ ಬರೆದ. (ಅವನು ಹುಟ್ಟಿದ್ದೂ ಆಫ್ರಿಕಾದಲ್ಲೇ, ಮೊರಾಕೊದ ಮರ್ರಕೇಶಿನಲ್ಲಿ.) ಮೆಖ್ಲೂಫಿ ಆಟಗಾರನಾಗಿ ಯಾವ ವಿಶ್ವಕಪ್ಪಿನಲ್ಲೂ ಆಡಲಿಲ್ಲ. ಇಪ್ಪತ್ತೊಂದರಿಂದ ಇಪ್ಪತ್ತೈದು ಆಟಗಾರನ ಕಾಲಿಗೆ ಚಿನ್ನದ ವಯಸ್ಸು. ಅದನ್ನು ಅವರು ಅಂಕಪಟ್ಟಿಯಿಲ್ಲದ, ಕಪ್ಪಿಲ್ಲದ ಪಂದ್ಯಗಳಲ್ಲಿ ಕಳೆದರು. ಮುಂದೆ ಕೇಳಿದವರಿಗೆಲ್ಲ ಅವರು ವಿಷಾದವಿಲ್ಲವೆಂದೇ ಹೇಳುತ್ತಿದ್ದರು.

1962ರ ಜುಲೈನಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಮೆಖ್ಲೂಫಿ ಮೊದಲು ಜಿನೀವಾದ ಸೆರ್ವೆಟ್ ಕ್ಲಬ್ಬು ಸೇರಿದರು. ಅಲ್ಲಿ ಹಳೆಯ ಗುರು ಸ್ನೆಲ್ಲಾ ಇದ್ದರು. ಆ ಹೊತ್ತಿಗೆ ಸೇಂಟ್ ಎತಿಯೆನ್ ಎರಡನೆಯ ದರ್ಜೆಗೆ ಇಳಿದಿತ್ತು. ಕ್ಲಬ್ಬಿನ ಅಧ್ಯಕ್ಷ ರೋಜೆ ರೋಶೆ ಅವರನ್ನು ವಾಪಸು ಕರೆಸಿದರು. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಅಲ್ಜೀರಿಯಾದಿಂದ ಮನೆಮಠ ಬಿಟ್ಟು ಬಂದ ಯುರೋಪಿಯನ್ ಕುಟುಂಬಗಳು, ಮಗನನ್ನು ಆ ಯುದ್ಧಕ್ಕೆ ಕಳಿಸಿ ಕಳೆದುಕೊಂಡ ತಾಯಂದಿರು ಫ್ರಾನ್ಸಿನ ಊರೂರುಗಳಲ್ಲಿದ್ದರು. ಅಂಥ ಸಮಯದಲ್ಲಿ ಮೆಖ್ಲೂಫಿ ಮತ್ತೆ ಜೆಫ್ರ್ವಾ ಗಿಶಾರ್ ಮೈದಾನಕ್ಕೆ ಇಳಿದರು.

ಆ ದಿನವನ್ನು ಅವರು ಮುಂದೆ ನೆನಪಿಸಿಕೊಂಡದ್ದುಂಟು. ಮೈದಾನಕ್ಕೆ ಬಂದಾಗ ಮೌನ. ಬೈಗುಳವಿಲ್ಲ, ಸಿಳ್ಳೆಯಿಲ್ಲ, ಚಪ್ಪಾಳೆಯೂ ಇಲ್ಲ. ಮೊದಲ ಚೆಂಡು ಕಾಲಿಗೆ ಬಂತು, ಅವರು ಎದುರಾಳಿಯನ್ನು ದಾಟಿಸಿದರು. ಆಗ ಜನ ಚಪ್ಪಾಳೆ ಹೊಡೆದರು. ಇದನ್ನು ಕ್ಷಮೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಮೆಖ್ಲೂಫಿ ಕ್ಷಮೆ ಕೇಳಿರಲಿಲ್ಲ, ಕೇಳಬೇಕಾದ್ದೂ ಇರಲಿಲ್ಲ. ಅವರು ಬಿಟ್ಟುಹೋದದ್ದು ಒಂದು ಸರ್ಕಾರದ ಅಂಗಿಯನ್ನು. ಗಣಿಯ ಕಪ್ಪುಧೂಳಿನ ಈ ಊರು ಆ ಸರ್ಕಾರಕ್ಕಿಂತ ಬೇರೆ ಎಂದು ಅವರಿಗೆ ಗೊತ್ತಿತ್ತು. ಆ ಮಧ್ಯಾಹ್ನ ಊರಿಗೂ ಅದು ಗೊತ್ತಾಯಿತು.

1963ರಲ್ಲಿ ತಂಡ ಮೇಲಿನ ದರ್ಜೆಗೆ ಮರಳಿತು. 1964, 1967 ಮತ್ತು 1968ರಲ್ಲಿ ಫ್ರಾನ್ಸಿನ ಚಾಂಪಿಯನ್ ಆಯಿತು. 1967ರಲ್ಲಿ ಮಾಲಿ ದೇಶದ ತರುಣ ಸಲೀಫ್ ಕೈತಾ ಬಂದು ಸೇರಿಕೊಂಡ. ಮುಂದೆ 1970ರಲ್ಲಿ ಆಫ್ರಿಕಾದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವನು ಅವನೇ.

1968ರ ಮೇ 12ರಂದು ಫ್ರೆಂಚ್ ಕಪ್ಪಿನ ಫೈನಲ್. ಹಿಂದಿನ ದಿನವಷ್ಟೇ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಯ ಕಲ್ಲು ಕಿತ್ತು ಪೊಲೀಸರ ಮೇಲೆ ಎಸೆದಿದ್ದರು. ಮರುದಿನ ಸಾರ್ವತ್ರಿಕ ಮುಷ್ಕರ ಕಾದಿತ್ತು. ಇವೆರಡರ ನಡುವೆ ಕೊಲಂಬ್ ಮೈದಾನದಲ್ಲಿ ಸೇಂಟ್ ಎತಿಯೆನ್ ಬೋರ್ಡೋವನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ಮೆಖ್ಲೂಫಿಯದು. ಕಪ್ ಕೊಟ್ಟವರು ಅಧ್ಯಕ್ಷ ದಗಾಲ್. ಫ್ರಾನ್ಸ್ ಎಂದರೆ ನೀವೇ ಎಂದು ಅವರು ಹೇಳಿದರೆಂಬ ಮಾತು ಪ್ರಸಿದ್ಧವಾಗಿದೆ. ಹತ್ತು ವರ್ಷದ ಹಿಂದೆ ಅದೇ ಫ್ರಾನ್ಸಿನ ಸೇನೆಯಿಂದ ತಪ್ಪಿಸಿಕೊಂಡಿದ್ದವನಿಗೆ ಅದು ಎಂಥ ಹೊಗಳಿಕೆಯಾಗಿ ಕೇಳಿಸಿತೋ!

ಮೆಖ್ಲೂಫಿ ಮತ್ತೆ ವಿಶ್ವಕಪ್ಪಿಗೆ ಹೋದದ್ದು 1982ರಲ್ಲಿ, ಅಲ್ಜೀರಿಯಾದ ತರಬೇತುದಾರರ ಬಳಗದಲ್ಲಿ. ಅಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಆಮೇಲೆ ಜರ್ಮನಿ, ಆಸ್ಟ್ರಿಯಾಗಳು ತಮ್ಮಿಬ್ಬರಿಗೂ ಅನುಕೂಲವಾಗುವ 1-0 ಫಲಿತಾಂಶಕ್ಕೆ ಕಾಲೆಳೆದು ಆಡಿ ಅಲ್ಜೀರಿಯಾವನ್ನು ಮನೆಗೆ ಕಳಿಸಿದವು.

2014ರ ವಿಶ್ವಕಪ್ಪಿನ ಅಲ್ಜೀರಿಯಾ ತಂಡದ 23 ಮಂದಿಯಲ್ಲಿ 16 ಮಂದಿ ಹುಟ್ಟಿದ್ದು ಫ್ರಾನ್ಸಿನಲ್ಲಿ. ಇಂದು ಅವರು ಒಂದು ಅರ್ಜಿ ತುಂಬಿ ಅಂಗಿ ಆರಿಸಿಕೊಳ್ಳಬಹುದು. ಆದರೂ ಎರಡು ಊರುಗಳನ್ನು ಪ್ರೀತಿಸುವವನನ್ನು ನೀನು ಯಾರ ಕಡೆಯವನು ಎಂದು ಕೇಳುವುದು ನಿಂತಿಲ್ಲ. 2024ರ ನವೆಂಬರಿನಲ್ಲಿ ತೀರಿಕೊಂಡ ಮೆಖ್ಲೂಫಿ ಆ ಪ್ರಶ್ನೆಗೆ ಒಮ್ಮೆ ಹೋಗಿ, ಒಮ್ಮೆ ಮರಳಿ ಬಂದು ಉತ್ತರಿಸಿದ್ದರು. ಎರಡೂ ಸಲ ಅವರು ನೆಟ್ಟಗೆ ನಡೆದಿದ್ದರು.