ಹಣ ಕಳುಹಿಸಿದವರು ಯಾರು, ಪಡೆದವರು ಯಾರು?

ಬಾದಾಮಿ ಸಮೀಪದ ಶಿವಯೋಗ ಮಂದಿರ ಇರುವುದು ಮಲಪ್ರಭೆಯ ದಂಡೆಯ ಮೇಲೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಕ್ಷೇತ್ರದಿಂದ ಹೊಳೆಯ ಗುಂಟ ಕೆಳಗೆ ಸಾಗಿದರೆ ಮೊದಲು ಸಿಗುವುದು ಪಟ್ಟದಕಲ್ಲು, ಆಮೇಲೆ ಐಹೊಳೆ. ಇಂದು ಗುಡಿಗಳಿಗೆ ಹೆಸರಾದ ಐಹೊಳೆ ಒಂದು ಕಾಲಕ್ಕೆ ದೊಡ್ಡ ವರ್ತಕ ಸಂಘದ ಹೆಸರೂ ಆಗಿತ್ತು.

'ಅಯ್ಯಾವೊಳೆ ಐನೂರ್ವರು' ಎಂಬ ಈ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಶಾಸನಗಳ ಆರಂಭದಲ್ಲಿ ಉದ್ದನೆಯ ಪ್ರಶಸ್ತಿ: ಇವರು ಐನೂರು ವೀರಶಾಸನ ಪಡೆದವರು, ವೀರ ಬಣಂಜು ಧರ್ಮ ಪಾಲಿಸುವವರು, ಅಯ್ಯಾವೊಳೆಯ ದೇವಿಯ ಮಕ್ಕಳು. ಇದನ್ನು ಬರಿಯ ಹೊಗಳಿಕೆ ಎನ್ನಲಾಗದು. ಗುರುತಿಲ್ಲದ ಊರಿನಲ್ಲಿ ವರ್ತಕನಿಗೆ ಸಂಘದ ಹೆಸರೇ ಪರಿಚಯಪತ್ರ.

ನಂತರದ ಶತಮಾನಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹುಂಡಿ. ದೇವಸ್ಥಾನದ ಹುಂಡಿಯಲ್ಲ, ಸಾಹುಕಾರರ ಹುಂಡಿ. ಒಂದು ಪೇಟೆಯಲ್ಲಿ ಹಣ ಕಟ್ಟಿ ಚೀಟಿ ಪಡೆದರೆ ಮತ್ತೊಂದು ಪೇಟೆಯಲ್ಲಿ ಅದನ್ನು ತೋರಿಸಿ ಹಣ ಪಡೆಯಬಹುದಿತ್ತು. ಚೀಟಿಯಲ್ಲಿ ಬರೆದವರ, ಕೊಡಬೇಕಾದವರ ಹೆಸರು ಇರುತ್ತಿದ್ದವು. ಮೊತ್ತ ತಿದ್ದಬಾರದೆಂದು ನೂರು ರೂಪಾಯಿ ಬರೆದು, ಅದರ ಅರ್ಧ ಐವತ್ತು, ಅದರ ಎರಡರಷ್ಟು ಎಂದೂ ಬರೆಯುತ್ತಿದ್ದರು. 'ನಾಮಜೋಗ್' ಹುಂಡಿಯ ಹಣ ಹೆಸರಿಸಿದ ವ್ಯಕ್ತಿಗೆ ಮಾತ್ರ. 'ಶಾಹಜೋಗ್' ಹುಂಡಿಯಾದರೆ ಪೇಟೆಗೆ ಪರಿಚಿತನಾದ ಮರ್ಯಾದಸ್ಥ ಸಾಹುಕಾರನ ಕೈಗೇ ಸಲ್ಲಬೇಕು. ಹುಂಡಿ ಕಳವಿನದೋ ಖೋಟಾವೋ ಎಂದು ತಿಳಿದುಬಂದರೆ ಹಣ ಮರಳಿಸುವ ಹೊಣೆ ಆ ಸಾಹುಕಾರನದು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯೂ ದೇಶಭಾಷೆಯ ಹುಂಡಿಗಳ ರೂಢಿಯನ್ನು ಮುಟ್ಟದೆ ಬಿಟ್ಟಿತು.

2009ರಲ್ಲಿ ಚಾಲ್ತಿಗೆ ಬಂದ ಬಿಟ್‌ಕಾಯಿನ್ ಈ ಪದ್ಧತಿಯನ್ನು ತಲೆಕೆಳಗು ಮಾಡಿತು. ಇಲ್ಲಿ ಹಣದ ಚೀಲಕ್ಕೆ ವ್ಯಾಲೆಟ್ ಎನ್ನುತ್ತಾರೆ. ಅದರ ವಿಳಾಸವೆಂದರೆ ಅಕ್ಷರ, ಅಂಕಿಗಳ ಒಂದು ಸಾಲು, ಅಷ್ಟೇ. ಮಾಲೀಕನ ಹೆಸರಿಲ್ಲ, ಜಾಮೀನಿಗೆ ಸಾಹುಕಾರನೂ ಇಲ್ಲ. ವಂಚನೆಯ ಹಣ ಸಾಗಿಸುವವರಿಗೂ ಇದು ಅನುಕೂಲವಾಯಿತು.

ಆದ್ದರಿಂದ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಕಾರ್ಯಪಡೆ, ಬ್ಯಾಂಕುಗಳಿಗಿದ್ದ 'ಟ್ರಾವೆಲ್ ರೂಲ್' ಅನ್ನು 2019ರಲ್ಲಿ ಕ್ರಿಪ್ಟೊ ವ್ಯವಹಾರಕ್ಕೂ ವಿಸ್ತರಿಸಿತು. ಹಣದೊಂದಿಗೆ ವಿವರವೂ ಪ್ರಯಾಣ ಮಾಡಬೇಕೆಂಬುದು ಇದರ ಸಾರ. ಕಳುಹಿಸುವವರ ಹೆಸರು, ವ್ಯಾಲೆಟ್ ವಿಳಾಸ, ಮನೆ ವಿಳಾಸ ಅಥವಾ ಗುರುತಿನ ಸಂಖ್ಯೆ, ಜೊತೆಗೆ ಪಡೆಯುವವರ ಹೆಸರು ಹಾಗೂ ವ್ಯಾಲೆಟ್ ವಿಳಾಸವನ್ನು ಒಂದು ಕಂಪನಿ ಇನ್ನೊಂದಕ್ಕೆ ತಿಳಿಸಬೇಕು. ಭಾರತವು ಮಾರ್ಚ್ 2023ರಲ್ಲಿ ಇಂಥ ಕಂಪನಿಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ವ್ಯಾಲೆಟ್ ಗ್ರಾಹಕನ ಸ್ವಂತದ್ದೇ ಎಂದು ಖಚಿತಪಡಿಸಲು ಗುಪ್ತ ಕೀಲಿಯಿಂದ ಸಹಿ ಮಾಡಿಸುವುದುಂಟು. ಇಲ್ಲವೇ ಹೇಳಿದಷ್ಟೇ ಅಲ್ಪ ಮೊತ್ತವನ್ನು ಅದರಿಂದ ಕಳುಹಿಸಿ ತೋರಿಸಬೇಕು.

ಇಲ್ಲಿಯೇ ಒಂದು ತೊಡಕಿದೆ. ಹುಂಡಿಯ ಮೇಲೆ ಹೆಸರು ಎದ್ದು ಕಾಣುತ್ತಿತ್ತು, ಲೆಕ್ಕ ಮಾತ್ರ ಸಾಹುಕಾರನ ಕಿರ್ದಿಯಲ್ಲಿ ಭದ್ರವಾಗಿರುತ್ತಿತ್ತು. ಬಿಟ್‌ಕಾಯಿನ್‌ನಲ್ಲಿ ಹೆಸರು ಗುಟ್ಟು, ಕಿರ್ದಿ ಬಯಲು. ಅದರ ಪ್ರತಿಯೊಂದು ಜಮಾ ಖರ್ಚನ್ನೂ ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು. ವಿಳಾಸಕ್ಕೆ ಒಮ್ಮೆ ಹೆಸರು ಅಂಟಿತೆಂದರೆ ಒಂದು ವ್ಯವಹಾರವಷ್ಟೇ ಅಲ್ಲ, ಆ ವಿಳಾಸದ ಹಿಂದಿನ ಲೆಕ್ಕವೆಲ್ಲ ತೆರೆದುಕೊಳ್ಳುತ್ತದೆ. ಕಂಪನಿಯಿಂದ ಕಂಪನಿಗೆ ದಾಟಿದ ವಿವರ ಸೋರಿಹೋದರೆ ಮರಳಿ ಮುಚ್ಚಿಡಲು ಬಾರದು.

ಹಣ ಪಡೆಯುವವನು ಯಾರೆಂದು ಕೇಳುವುದು ಹೊಸತಲ್ಲ, ತಪ್ಪೂ ಅಲ್ಲ. ಆದರೆ ಹಿಂದೆ ಹಾಗೆ ಕೇಳಿದ ಪೇಟೆಯೇ ಸಾಹುಕಾರನನ್ನು ಹೊಣೆಗಾರನನ್ನಾಗಿಯೂ ಮಾಡಿತ್ತು. ಇಂದು ವಿವರ ಕೇಳಿ ಪಡೆಯುವ ಕಂಪನಿಗಳೂ ಅಷ್ಟೇ ಹೊಣೆ ಹೊತ್ತಾಗ ಮಾತ್ರ ಹಳೆಯ ನಂಬಿಕೆ ಹೊಸ ಪೇಟೆಗೂ ಬಂದೀತು.